ಶೇಡಬಾಳದಿಂದ ನಿಪ್ಪಾಣಿವರೆಗೆ: ಈ ಸೆಮ್‌ನಲ್ಲಿ ಓದಿದ ಕಥೆ-ಕಾದಂಬರಿ

ಇಂಟರ್ನಲ್ಸ್, ಲ್ಯಾಬ್ ರೆಕಾರ್ಡ್‌ಗಳ ನಡುವೆ ಈ ಸೆಮಿಸ್ಟರ್‌ನಲ್ಲಿ ನಾಲ್ಕೈದು ಪುಸ್ತಕ ಓದಿ ಮುಗಿಸಿದೆ. ಎಲ್ಲವೂ ಹೆಚ್ಚುಕಡಿಮೆ ಒಂದೇ ಸೀಮೆಯ ಸುತ್ತ ತಿರುಗುವಂಥವು: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಸ್ವಲ್ಪ ಈಚೆಗೆ ಗೋಕಾಕ. ಬೇಕಂತಲೇ ಹಾಗೆ ಆರಿಸಿಕೊಂಡೆ. ಹಾಸ್ಟೆಲ್‌ನಲ್ಲಿ ಈ ಕಡೆಯ ಹುಡುಗರು ಬಾಯಿ ತೆರೆದರೆ "ಇದ್ಯಾವ ಕನ್ನಡ ಮಾರಾಯಾ, ಅರ್ಧ ಮರಾಠಿ" ಅಂತ ಯಾರಾದರೊಬ್ಬರು ಅಂದೇ ಅನ್ನುತ್ತಾರೆ. ಎರಡನೇ ಸೆಮ್ ಮುಗಿಯೋ ಹೊತ್ತಿಗೆ ಆ ಹುಡುಗರು 'ಹೋಗ್ಯಾನ' ಬಿಟ್ಟು 'ಹೋಗಿದ್ದಾನೆ' ಅನ್ನೋಕೆ ಶುರು ಮಾಡಿರ್ತಾರೆ. ಮನೆಗೆ ಫೋನ್ ಹಚ್ಚಿದಾಗ ಮಾತ್ರ ಹಳೇ ಮಾತು, ಅದೂ ವರಾಂಡದ ಮೂಲೆಗೆ ಹೋಗಿ. ನಾಚಿಕೆ ಪಡೋ ಈ ಮಾತಿನಲ್ಲಿ ಯಾರಾದರೂ ಕಾದಂಬರಿ ಬರೆದಿದ್ದಾರಾ, ಬರೆದಿದ್ದರೆ ಅದು ಓದಿಸಿಕೊಂಡು ಹೋಗುತ್ತಾ ಅನ್ನೋದು ನನ್ನ ಕುತೂಹಲ.

ಬರೆದಿದ್ದಾರೆ, ಅದೂ 1945ರಲ್ಲೇ. ಬೆಳಗಾವಿಯಿಂದ ಮೀರಜಿಗೆ ರೈಲಿನಲ್ಲಿ ಹೋದವರಿಗೆ ಚಿಕ್ಕೋಡಿ ರೋಡ್, ರಾಯಬಾಗ, ಕುಡಚಿ, ಉಗಾರ ಆದಮೇಲೆ ಶೇಡಬಾಳ ಅನ್ನೋ ಸ್ಟೇಷನ್ ಗೊತ್ತಿರುತ್ತೆ. ಆಗ ಅಥಣಿ ತಾಲೂಕು, ಈಗ ಕಾಗವಾಡ. ಆ ಊರಿನಲ್ಲಿ 1918ರಲ್ಲಿ ಹುಟ್ಟಿದ ಮಿರ್ಜಿ ಅಣ್ಣಾರಾಯರು ವೃತ್ತಿಯಿಂದ ಶಾಲಾ ಮಾಸ್ತರು. ಅವರ 'ನಿಸರ್ಗ' ಕಾದಂಬರಿ ಈ ಸೀಮೆಯ ಒಕ್ಕಲು ಮನೆತನಗಳ ಬದುಕನ್ನು ಅವರದೇ ಮಾತಿನಲ್ಲಿ ಹೇಳುತ್ತೆ. ಗಡಿಭಾಗದ ಆಡುಮಾತನ್ನು ಹಾಸ್ಯಕ್ಕೆ, ಜವಾನನ ಪಾತ್ರಕ್ಕೆ ಅಂತ ಬಳಸಿಲ್ಲ. ಅಳೋದು, ಜಗಳ, ಪ್ರೀತಿ, ಎಲ್ಲಾನೂ ಅದರಲ್ಲೇ. ಇದು ಈಗ ದೊಡ್ಡ ವಿಷಯ ಅನ್ನಿಸದೇ ಇರಬಹುದು. ಆದರೆ ಇವತ್ತಿಗೂ ನಮ್ಮ ಸಿನಿಮಾಗಳಲ್ಲಿ ಉತ್ತರ ಕರ್ನಾಟಕದ ಮಾತು ಬಂತು ಅಂದ್ರೆ ಸಾಮಾನ್ಯವಾಗಿ ಒಬ್ಬ ಕಾಮಿಡಿಯನ್ ಬಂದ ಅಂತ ಅರ್ಥ. ಎಂಟು ದಶಕದ ಹಿಂದೆ ಒಬ್ಬ ಮಾಸ್ತರು ಆ ಗೋಡೆ ಒಡೆದಿದ್ದರು.

ಬೆಂಗಳೂರು-ಮೈಸೂರು ಕಡೆಯವರಿಗೆ ಮೊದಲ ಪುಟಗಳು ಕಷ್ಟ ಆಗುತ್ತವೆ, ನಿಜ. ಒಂದು ಕೀಲಿ ಕೊಡ್ತೀನಿ. ಈ ಮಾತಿನಲ್ಲಿ ವರ್ತಮಾನದ ಕ್ರಿಯೆ ಹೇಳೋಕೆ 'ಹತ್ತು' ಅನ್ನೋ ಧಾತು ಸಹಾಯಕ್ಕೆ ಬರುತ್ತೆ. 'ಹೋಗಲಿಕ್ಕೆ ಹತ್ತಿದ್ದಾನೆ' ಅನ್ನೋದು ಸವೆದು ಸವೆದು 'ಹೋಗಾಕತ್ತಾನ' ಆಗಿದೆ. ಜಿಪ್ ಫೈಲ್ ಇದ್ದಂಗೆ, ಬಿಚ್ಚಿದರೆ ಪೂರ್ತಿ ವ್ಯಾಕರಣ ಒಳಗೇ ಇದೆ. 'ಬಂದಾನ, ಬಂದಾಳ, ಬಂದಾರ' ಕೂಡ ಅಷ್ಟೇ ಶಿಸ್ತಿನವು. ಇನ್ನು ಮರಾಠಿ ಬೆರಕೆ. ಪಾವಣ್ಯಾರು, ಖೋಲಿ, ಅಡಚಣಿ, ಇವೆಲ್ಲ ಆ ಕಡೆಯಿಂದ ಬಂದವೇ. ಆದರೆ ದಾರಿ ಒನ್‌ವೇ ಅಲ್ಲ. ಮರಾಠಿಯವರು ಊಟಕ್ಕೆ ಹಾಕಿಕೊಳ್ಳೋ 'ತೂಪ್' ನಮ್ಮ ತುಪ್ಪ, ಅವರ 'ಅಡಕಿತ್ತಾ' ನಮ್ಮ ಅಡಕೊತ್ತು. ನೂರಾರು ವರ್ಷ ಒಂದೇ ಸಂತೆಯಲ್ಲಿ ವ್ಯಾಪಾರ ಮಾಡಿದವರ ಮಾತು ಹಾಗೇ ಇರುತ್ತೆ. ಪುಸ್ತಕವನ್ನು ಸ್ವಲ್ಪ ಗಟ್ಟಿಯಾಗಿ ಓದಿ ನೋಡಿ. ಕಣ್ಣಿಗೆ ಒರಟು ಅನ್ನಿಸಿದ್ದು ಕಿವಿಗೆ ಸಲೀಸಾಗುತ್ತೆ.

ನನ್ನ ತಕರಾರೂ ಒಂದಿದೆ. ಅಣ್ಣಾರಾಯರೊಳಗಿನ ಮಾಸ್ತರು ಆಗಾಗ ಕಾದಂಬರಿಕಾರರನ್ನು ಪಕ್ಕಕ್ಕೆ ಸರಿಸಿ ತಾನೇ ಮಾತಾಡೋಕೆ ನಿಲ್ಲುತ್ತಾರೆ. ಪಾತ್ರಗಳು ಹೇಳಿ ಮುಗಿಸಿದ್ದನ್ನೇ ನಿರೂಪಣೆ ಮತ್ತೆ ವಿವರಿಸುತ್ತೆ. ಆ ಕಾಲದ ಬಹಳ ಕಾದಂಬರಿಗಳ ರೋಗ ಇದು.

ಇದೇ ಸೀಮೆಯ ಜೈನ ಸಮಾಜವನ್ನು ಪೂರ್ತಿ ಬೇರೆ ಕೋನದಿಂದ ನೋಡಬೇಕಂದ್ರೆ ಶಾಂತಿನಾಥ ದೇಸಾಯಿಯವರ 'ಓಂ ಣಮೋ' ಇದೆ. ದೇಸಾಯಿ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸಿದವರು, ಆಮೇಲೆ ಕುವೆಂಪು ವಿಶ್ವವಿದ್ಯಾಲಯದ ಮೊದಲ ಕುಲಪತಿ. 1998ರಲ್ಲಿ ತೀರಿಕೊಂಡರು. 2000ದ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಈ ಕಾದಂಬರಿಗೆ ಬಂದಾಗ ಅವರಿರಲಿಲ್ಲ. ಇಂಗ್ಲೆಂಡಿನಿಂದ ಸಂಶೋಧನೆಗೆ ಬಂದವರ ಕಣ್ಣಲ್ಲಿ ಇಲ್ಲಿಯ ಮನೆತನಗಳು ಕಾಣಿಸುತ್ತವೆ. ಉಪಾಯ ಚೆನ್ನಾಗಿದೆ, ಯಾಕಂದ್ರೆ ಹೊರಗಿನವರಿಗೆ ಎಲ್ಲವನ್ನೂ ವಿವರಿಸಲೇಬೇಕು, ನಮಗೂ ಗೊತ್ತಾಗುತ್ತೆ. ಆದರೆ ಚರ್ಚೆ ಜಾಸ್ತಿ. ಕೆಲವು ಅಧ್ಯಾಯಗಳಲ್ಲಿ ಸೆಮಿನಾರ್ ಹಾಲ್‌ನಲ್ಲಿ ಕೂತಂಗೆ ಆಯ್ತು. 'ನಿಸರ್ಗ'ದಲ್ಲಿ ಮಣ್ಣಿನ ವಾಸನೆ ಬರುತ್ತೆ, 'ಓಂ ಣಮೋ'ದಲ್ಲಿ ಲೈಬ್ರರಿಯದು. ನನಗೆ ಮೊದಲನೆಯದೇ ಇಷ್ಟ. ನನ್ನ ರೂಮ್‌ಮೇಟ್ ಇದಕ್ಕೆ ತದ್ವಿರುದ್ಧ ಹೇಳ್ತಾನೆ, ಅವನಿಗೆ ಪಾತ್ರಗಳು ಯೋಚನೆ ಮಾಡಬೇಕು.

ಒಂದೇ ಒಂದು ಪುಸ್ತಕ ಓದ್ತೀನಿ ಅನ್ನೋರಿಗೆ ನಾನು ಕೊಡೋದು ರಾಘವೇಂದ್ರ ಪಾಟೀಲರ 'ತೇರು'. ಪಾಟೀಲರು ಗೋಕಾಕ ತಾಲೂಕಿನ ಬೆಟಗೇರಿಯವರು. 2005ರ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ. ಗಾತ್ರ ಚಿಕ್ಕದು, ಭಾರ ದೊಡ್ಡದು. ಧರಮನಟ್ಟಿ ಅನ್ನೋ ಊರಿನಲ್ಲಿ ವಿಠ್ಠಲ ದೇವರಿಗೆ ತೇರು ಮಾಡಿಸ್ತಾರೆ. ಎಷ್ಟು ಎಳೆದರೂ ತೇರು ಕದಲಲ್ಲ. ನರಬಲಿ ಬೇಕು ಅಂತಾಗುತ್ತೆ. ಬಡತನದಲ್ಲಿ ಬೆಂದ ದ್ಯಾವಪ್ಪ ತನ್ನ ಮಗನನ್ನೇ ಕೊಡ್ತಾನೆ, ಬದಲಿಗೆ ಅವನ ಮನೆತನಕ್ಕೆ ಹೊಲ ಸಿಗುತ್ತೆ. ಅಲ್ಲಿಂದ ಮುಂದೆ ಪ್ರತಿ ವರ್ಷ ಆ ವಂಶದವರು ತೇರಿಗೆ ತಮ್ಮ ರಕ್ತದ ತಿಲಕ ಇಡಬೇಕು.

ಇದನ್ನು ಬರೀ 'ಮೂಢನಂಬಿಕೆ' ಅಂತ ಓದಿದರೆ ಪುಸ್ತಕ ಕೈ ತಪ್ಪಿತು ಅಂತ ನನ್ನ ಅಭಿಪ್ರಾಯ. ಲೆಕ್ಕ ಹಾಕಿ ನೋಡಿ: ಊರಿಗೆ ತೇರು, ಆಳುವವರಿಗೆ ಕೀರ್ತಿ, ಬಡವನಿಗೆ ಹೊಲ. ಎಲ್ಲರಿಗೂ ಏನೋ ಒಂದು ಸಿಕ್ಕಿದೆ. ಸಿಗದೇ ಇರೋನು ಮಾತು ಬರದ ಆ ಕೂಸು ಮಾತ್ರ. ಕಾಲ ಬದಲಾಗುತ್ತೆ, ದೊರೆಗಳು ಹೋಗ್ತಾರೆ, ಸ್ವಾತಂತ್ರ್ಯ ಬರುತ್ತೆ, ತಿಲಕ ಇಡೋ ಪದ್ಧತಿ ಮಾತ್ರ ಬೆನ್ನು ಬಿಡಲ್ಲ. ಅಣೆಕಟ್ಟಿಗೆ, ಹೆದ್ದಾರಿಗೆ, ಕೈಗಾರಿಕಾ ಪ್ರದೇಶಕ್ಕೆ ಜಮೀನು ಕೊಟ್ಟವರ ಪರಿಹಾರದ ಲೆಕ್ಕವೂ ಇದೇ ಥರ ಇರುತ್ತೆ. ನಾಳೆ ಸೈಟ್ ಎಂಜಿನಿಯರ್ ಆಗಿ ಹೋಗೋ ಸಿವಿಲ್‌ನವರು ಇದನ್ನ ಓದಲೇಬೇಕು ಅಂತ ನಾನು ಕ್ಲಬ್‌ನಲ್ಲಿ ಹೇಳಿದ್ದು ಅದಕ್ಕೇ. ಪಾಟೀಲರು ಎಲ್ಲೂ ಗದರಿಸಲ್ಲ, ಜಾತ್ರೆಯಲ್ಲಿ ಕಥೆ ಹೇಳೋರ ದನಿಯಲ್ಲಿ ಹೇಳ್ತಾ ಹೋಗ್ತಾರೆ. ಅದೇ ಹೆಚ್ಚು ಚುಚ್ಚುತ್ತೆ. ಇವರ ಸಣ್ಣಕಥೆಗಳ 'ದೇಸಗತಿ' ಸಂಕಲನಾನೂ ಜೊತೆಗೆ ಓದಿ, 'ತೇರು' ಹುಟ್ಟಿದ ಮಣ್ಣು ಅಲ್ಲಿ ಕಾಣುತ್ತೆ.

ಬಸವರಾಜ ಕಟ್ಟೀಮನಿಯವರ 'ಮಾಡಿ ಮಡಿದವರು' ಬಗ್ಗೆ ಚುಟುಕಾಗಿ. ಇವರೂ ಗೋಕಾಕ ತಾಲೂಕಿನವರೇ, ಮಲಾಮರಡಿ. 1942ರ ಚಳವಳಿಯಲ್ಲಿ ಜೈಲು ಕಂಡವರು, ಆ ಚಳವಳಿಯನ್ನೇ ಕಾದಂಬರಿ ಮಾಡಿದವರು. ಓಟ ಇದೆ, ಸಿಟ್ಟು ಇದೆ. ಒಳ್ಳೆಯವರು-ಕೆಟ್ಟವರು ಅಂತ ಗೆರೆ ಮಾತ್ರ ಬಹಳ ದಪ್ಪ.

ಕೊನೆಗೆ ನಿಪ್ಪಾಣಿ. ಇಲ್ಲಿ ಕಥೆ ಬೇರೆ. ತಂಬಾಕಿನ ಪೇಟೆ, ಬೀಡಿ ಕಟ್ಟೋ ಹೆಣ್ಣುಮಕ್ಕಳು, 1981ರಲ್ಲಿ ಶರದ್ ಜೋಶಿ ಮುಂದಾಳತ್ವದಲ್ಲಿ ತಂಬಾಕು ಬೆಳೆಗಾರರು ಹೆದ್ದಾರಿಯಲ್ಲಿ ಕೂತಿದ್ದು, ಗೋಲಿಬಾರ್‌ನಲ್ಲಿ ರೈತರು ಸತ್ತಿದ್ದು. ಒಂದು ಕಾದಂಬರಿಗೆ ಇನ್ನೇನು ಬೇಕು? ಆದರೆ ಈ ಊರಿನ ಕೆಳಸ್ತರದ ಬದುಕನ್ನು ಜೀವನಪೂರ್ತಿ ಬರೆದವರು ಮರಾಠಿ ಲೇಖಕ ಮಹಾದೇವ ಮೋರೆ. ಇದೇ ನಿಪ್ಪಾಣಿಯಲ್ಲಿ ಹಿಟ್ಟಿನ ಗಿರಣಿ ನಡೆಸ್ತಾ, ಡ್ರೈವರ್‌ಗಳು, ಮೆಕ್ಯಾನಿಕ್‌ಗಳು, ಕೂಲಿಯವರ ಬಗ್ಗೆ ಬರೆದರು. ಅವರ ಒಂದೆರಡು ಕಥೆಗಳನ್ನು ಮರಾಠಿಯಲ್ಲೇ ತಡವರಿಸಿ ಓದಿದೆ. ಗ್ಯಾರೇಜಿನ ಗ್ರೀಸ್ ಪುಟಕ್ಕೆ ಅಂಟಿದಂತಿದೆ. ಗಡಿ ವಿವಾದದಲ್ಲಿ ಬಸ್ಸಿಗೆ ಮಸಿ ಬಳಿಯೋರು ಎರಡೂ ಕಡೆ ಸಿಗ್ತಾರೆ, ಇಂಥ ಕಥೆ ಅನುವಾದ ಮಾಡೋರು ಸಿಗೋದು ಕಡಿಮೆ. ನಮ್ಮ ಕ್ಯಾಂಪಸ್‌ನಲ್ಲೇ ಎರಡೂ ಭಾಷೆ ಮನೆಮಾತಿನಷ್ಟು ಸಲೀಸಾಗಿ ಬರೋರು ಹತ್ತು ಜನ ಇದ್ದಾರೆ. ಯಾರಾದರೂ ಒಂದು ಕಥೆ ಕನ್ನಡಕ್ಕೆ ತಂದರೆ, ಅನುಮತಿ ಕೇಳಿ ಪತ್ರ ಬರೆಯೋ ಕೆಲಸ ನಂದು.

ಮುಂದಿನ ಸರದಿ ಕಾವ್ಯದ್ದು. ಚಿಕ್ಕೋಡಿ ತಾಲೂಕಿನ ಸದಲಗಾದಲ್ಲಿ ಹುಟ್ಟಿದ ಕನ್ನಡದ ಹುಡುಗ, ಆಮೇಲೆ ಆಚಾರ್ಯ ವಿದ್ಯಾಸಾಗರರಾಗಿ ಹಿಂದಿಯಲ್ಲಿ 'ಮೂಕಮಾಟಿ' ಅನ್ನೋ ಮಹಾಕಾವ್ಯ ಬರೆದರು. ಅದರಲ್ಲಿ ಮಣ್ಣೇ ನಾಯಕಿ, ತುಳಿಸಿಕೊಂಡು, ಸುಟ್ಟುಕೊಂಡು ಕೊಡ ಆಗೋದೇ ಕಥೆ. ರಜೆಗೆ ಊರಿಗೆ ಹೋಗುವಾಗ ಬ್ಯಾಗಿನಲ್ಲಿ ಅದಕ್ಕೆ ಜಾಗ ಇಟ್ಟಿದ್ದೀನಿ.