ಅಪ್ಪನ ಕಾರಿಗೆ ಯಾವ ಇಂಜಿನ್?

ನಮ್ಮ ಮನೆಯ ಅಂಬಾಸಿಡರ್ ಕಾರಿಗೆ ನನ್ನ ಮಗನಿಗಿಂತ ಹೆಚ್ಚು ವಯಸ್ಸು. 1972ರಲ್ಲಿ ನಮ್ಮಪ್ಪ ಅದನ್ನು ಕೊಂಡಾಗ ಚಾಮರಾಜನಗರ ಇನ್ನೂ ಮೈಸೂರು ಜಿಲ್ಲೆಯ ಒಂದು ತಾಲ್ಲೂಕು. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು ಮರುವರ್ಷ. ಅದಕ್ಕೇ ಅದರ ನಂಬರ್ ಇಂದಿಗೂ ಮೈಸೂರು ರಾಜ್ಯದ ‘ಎಂವೈ’ ಅಕ್ಷರಗಳಿಂದಲೇ ಶುರುವಾಗುತ್ತದೆ. ಅಪ್ಪ ಗುಂಡ್ಲುಪೇಟೆಯಿಂದ ಊಟಿಗೆ ಟ್ಯಾಕ್ಸಿ ಓಡಿಸಿ ನಮ್ಮನ್ನೆಲ್ಲ ಓದಿಸಿದ್ದು ಇದೇ ಕಾರಿನಲ್ಲಿ. ಕಲ್ಲಟ್ಟಿ ಘಾಟಿಯ 36 ತಿರುವುಗಳಲ್ಲಿ ರೇಡಿಯೇಟರ್ ಕುದಿದರೆ ನಿಲ್ಲಿಸಿ, ತಣ್ಣಗಾದ ಮೇಲೆ ನೀರು ಹಾಕಿ ಮುಂದೆ ಹೋಗುತ್ತಿದ್ದರಂತೆ.

ಕಳೆದ ದಸರಾ ರಜೆಯಲ್ಲಿ ಏಳನೇ ಕ್ಲಾಸಿನ ಮೊಮ್ಮಗಳನ್ನು ಕೂರಿಸಿಕೊಂಡು ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೊರಟೆ. ತೆರಕಣಾಂಬಿ ದಾಟುತ್ತಿದ್ದಂತೆ ಹಿಂದೆ ನೀಲಿ ಹೊಗೆ ಶುರುವಾಯಿತು. ಗುಂಡ್ಲುಪೇಟೆಯ ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿದರು.

“ಇದ್ರ ಕತೆ ಮುಗೀತು ಸಾ. ಗುಜರಿಗೆ ಹಾಕ್ಬುಡಿ. ಒಂದು ಡೀಸೆಲ್ ಇಂಜಿನ್ ಕೂರುಸ್ಕೊಡ್ತೀನಿ, ಖರ್ಚೂ ಕಮ್ಮಿ ಆಯ್ತದೆ. ಕೊಡ್ಲಿಗೆ ಕಾವು ಬದ್ಲಾಯ್ಸಲ್ವಾ?”

ಮೊಮ್ಮಗಳು ಕೇಳಿದಳು: “ತಾತ, ಇಂಜಿನ್ ಅಂದ್ರೆ ಕಾವಾ, ಕೊಡಲಿನಾ?”

ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ.

ಮೆಕ್ಯಾನಿಕ್ ಹೇಳಿದ್ದು ಹೊಸ ಮಾತೇನಲ್ಲ. ಹಿಂದೆ ಪೆಟ್ರೋಲ್ ದುಬಾರಿ ಎಂದು ಎಷ್ಟೋ ಟ್ಯಾಕ್ಸಿಯವರು ಅಂಬಾಸಿಡರ್‌ಗೆ ಮ್ಯಾಟಡೋರ್ ವ್ಯಾನಿನ ಡೀಸೆಲ್ ಇಂಜಿನ್ ಹಾಕಿಸಿಕೊಂಡಿದ್ದರು. 1990ರ ದಶಕದಲ್ಲಿ ಕಂಪನಿಯೇ ಜಪಾನಿನ ಇಸುಜು ಇಂಜಿನ್ ಕೂರಿಸಿ ಅಂಬಾಸಿಡರ್ ಮಾರಿತು. 2014ರಲ್ಲಿ ಉತ್ತರಪಾರಾದ ಕಾರ್ಖಾನೆಯಲ್ಲಿ ಈ ಕಾರಿನ ತಯಾರಿಕೆಯೇ ನಿಂತುಹೋಯಿತು.

ನಮ್ಮ ಕಾರಿನದು 1489 ಸಿಸಿಯ ಇಂಗ್ಲೆಂಡ್ ಮೂಲದ ಪೆಟ್ರೋಲ್ ಇಂಜಿನ್. ಮಕ್ಕಳೇ, ಒಂದು ತಮಾಷೆ ಗೊತ್ತೇ? ಅಲ್ಲಿನ ಹೆಸರಾಂತ ಸ್ಪೋರ್ಟ್ಸ್ ಕಾರು ಎಂಜಿಎಗೆ ಮೊದಲು ಕೂರಿಸಿದ್ದೂ ಇದೇ ಜಾತಿಯ, ಇದೇ ಅಳತೆಯ ಇಂಜಿನ್! ನಮ್ಮಪ್ಪನ ಟ್ಯಾಕ್ಸಿಗೆ ಅಂಥ ನೆಂಟರಿದ್ದರು.

ನೀಲಿ ಹೊಗೆ ಏಕೆ ಬಂತು? ಇಂಜಿನ್ನಿನೊಳಗೆ ನಾಲ್ಕು ಸಿಲಿಂಡರುಗಳಿವೆ. ಒಂದೊಂದರಲ್ಲೂ ಒಂದು ಪಿಸ್ಟನ್, ಸೈಕಲ್ ಪಂಪಿನೊಳಗಿನ ವಾಷರಿನ ಹಾಗೆ ಮೇಲೆ ಕೆಳಗೆ ಓಡಾಡುತ್ತದೆ. ವರ್ಷಗಟ್ಟಲೆ ಉಜ್ಜಿ ಸಿಲಿಂಡರಿನ ಗೋಡೆ, ರಿಂಗುಗಳು ಸವೆದರೆ ಸಂದಿಯಿಂದ ಆಯಿಲ್ ಮೇಲೇರಿ ಉರಿಯುತ್ತದೆ. ಸವೆದ ಗೋಡೆಯನ್ನು ಬೋರ್ ಮಾಡಿಸಿ ತುಸು ದಪ್ಪ ಪಿಸ್ಟನ್ ಹಾಕಬಹುದು. ಬೋರ್ ಮಾಡಲೂ ಜಾಗವಿಲ್ಲದಿದ್ದರೆ ಒಳಗೆ ಹೊಸ ಕೊಳವೆ, ಅಂದರೆ ಸ್ಲೀವ್ ಕೂರಿಸಬಹುದು. ಆಗ ಒಳಗಿನ ಭಾಗಗಳು ಹೊಸವು, ಇಂಜಿನ್ ಮಾತ್ರ ಅದೇ. ಆರ್‌ಸಿ ಪುಸ್ತಕದಲ್ಲಿರುವ ಇಂಜಿನ್ ನಂಬರೂ ಅದೇ. ಮೊಮ್ಮಗಳಿಗೆ ಉತ್ತರ ಸಿಕ್ಕಿತು. ಪಿಸ್ಟನ್, ರಿಂಗುಗಳು ಕಾವು, ಇಂಜಿನ್ ಕೊಡಲಿ.

ಇನ್ನೊಂದು ಕಾರಣವೂ ಇತ್ತು. 2021ರ ಕೇಂದ್ರ ಸರ್ಕಾರದ ನಿಯಮದಂತೆ 50 ವರ್ಷ ದಾಟಿದ ಗಾಡಿಗೆ ‘ವಿಎ’ ಅಕ್ಷರಗಳಿರುವ ವಿಂಟೇಜ್ ನಂಬರ್ ಸಿಗುತ್ತದೆ. ಆದರೆ ಚಾಸಿಸ್, ಬಾಡಿ, ಇಂಜಿನ್ ಮೂಲರೂಪದಲ್ಲೇ ಇರಬೇಕು. ಡೀಸೆಲ್ ಇಂಜಿನ್ ಹಾಕಿಸಿದ್ದರೆ ಆ ಬಾಗಿಲು ಮುಚ್ಚಿಹೋಗುತ್ತಿತ್ತು. ಹಾಗೆಂದು ನಾನು ವಿಎ ನಂಬರ್ ಮಾಡಿಸಲಿಲ್ಲ. ಅದನ್ನು ಮಾಡಿಸಿದರೆ ಪ್ರದರ್ಶನ, ರ‍್ಯಾಲಿ, ರಿಪೇರಿಯಂಥ ಕೆಲಸಗಳಿಗಷ್ಟೇ ಗಾಡಿ ರಸ್ತೆಗಿಳಿಯಬೇಕು. ನನಗಿನ್ನೂ ಮೊಮ್ಮಗಳ ಜೊತೆ ತಿರುಗುವ ಆಸೆ. ಮುಂದೆ ಅವಳಿಗೆ ಬೇಕೆನಿಸಿದರೆ ಅವಳು ಮಾಡಿಸಲಿ.

ಮೆಕ್ಯಾನಿಕ್‌ಗೆ ಇಂಜಿನ್ ಇಳಿಸಲು ಹೇಳಿದೆ. ಮೈಸೂರಿನ ಲೇತ್ ಅಂಗಡಿಯಲ್ಲಿ ಸ್ಲೀವ್ ಆಯಿತು. ಬಿಡಿಭಾಗ ಹುಡುಕಲು ಎರಡು ತಿಂಗಳು ಹಿಡಿಯಿತು. ಡೀಸೆಲ್ ಇಂಜಿನ್ನಿಗಿಂತ ಖರ್ಚೂ ಜಾಸ್ತಿಯೇ ಆಯಿತು. ಆ ವರ್ಷ ಮನೆಗೆ ಸುಣ್ಣಬಣ್ಣ ಆಗಲಿಲ್ಲ, ಮನೆಯಾಕೆ ಇಂದಿಗೂ ಆ ಮಾತು ಎತ್ತುತ್ತಾಳೆ.

ಹಳೇ ಕಾರಿಟ್ಟುಕೊಂಡಿರುವ ತಾತಂದಿರಿಗೆ ನನ್ನದೊಂದು ಮಾತು. ಅಪ್ಪನ ಇಂಜಿನ್ ಎಂಬ ಅಭಿಮಾನದಲ್ಲಿ ಊರ ತುಂಬ ಹೊಗೆ ಉಗುಳಿಸಬೇಡಿ, ಸರಿ ಮಾಡಿಸಿ. ಬದಲಾಯಿಸದೆ ವಿಧಿಯೇ ಇಲ್ಲವೆಂದಾದರೆ ಆರ್‌ಟಿಒ ಅನುಮತಿ ಪಡೆದು, ಹೊಸ ನಂಬರನ್ನು ಆರ್‌ಸಿಗೆ ಸೇರಿಸಿಕೊಳ್ಳಿ. ಹಳೆಯ ಇಂಜಿನ್ನಿಗೆ ಗ್ರೀಸ್ ಬಳಿದು, ಗೋಣಿಚೀಲ ಸುತ್ತಿ ಮೂಲೆಯಲ್ಲಿಡಿ. ಇಂಜಿನ್ ಬದಲಾಯಿಸುವುದು ಯಾವತ್ತಾದರೂ ಆಗುವ ಕೆಲಸ. ಗುಜರಿಗೆ ಹೋದದ್ದು ಮಾತ್ರ ತಿರುಗಿ ಬರುವುದಿಲ್ಲ.

ಇಂಜಿನ್ ಕೂರಿಸಿದ ದಿನ ಮೆಕ್ಯಾನಿಕ್ ಮೊಮ್ಮಗಳನ್ನು ಕರೆದು, “ನೀನೇ ಸ್ಟಾರ್ಟ್ ಮಾಡವ್ವ” ಎಂದರು. ಗೇರ್ ನ್ಯೂಟ್ರಲ್‌ನಲ್ಲಿದೆಯೇ ಎಂದು ನಾನು ಎರಡು ಸಲ ನೋಡಿದೆ. ಮೂರನೇ ಸಲಕ್ಕೆ ಇಂಜಿನ್ ಹಿಡಿಯಿತು. ಅವಳು ಇಳಿದು ಹಿಂದಕ್ಕೆ ಓಡಿ, ಸೈಲೆನ್ಸರ್ ಕಡೆ ನೋಡಿ ಕೂಗಿದಳು:

“ಹೊಗೆ ಇಲ್ಲ ತಾತ!”