ಗೋಪುರದ ಗಂಟೆ ಕರೆದಾಗ
ತುಳುನಾಡಿನ ಹಳ್ಳಿಯ ದೇವಾಲಯಗಳೂ ಅವುಗಳ ನಾದವೂ

ಮೂಡುಬಿದಿರೆಯಿಂದ ಕಾರ್ಕಳಕ್ಕೆ ಹೋಗುವ ಮಾರ್ಗದಲ್ಲಿ ಬೆಳುವಾಯಿ ಸಿಕ್ಕುತ್ತದೆ. ಈ ಸೀಮೆಯಲ್ಲಿ ಗಂಟೆಯ ನಾದಕ್ಕೆ ಎಂದೂ ಕೊರತೆಯಿಲ್ಲ. ಒಂದು ಕಡೆ 1430ರಲ್ಲಿ ಕಟ್ಟಲಾದ ಸಾವಿರ ಕಂಬದ ಬಸದಿ. ಇನ್ನೊಂದು ಕಡೆ 1432ರಲ್ಲಿ ಪ್ರತಿಷ್ಠೆಗೊಂಡ ಕಾರ್ಕಳದ ಗೊಮ್ಮಟ. ನಡುವೆ ದೇವಸ್ಥಾನಗಳು, ಭೂತಸ್ಥಾನಗಳು, ಗರಡಿಗಳು. ಕಥೋಲಿಕರ ಇಗರ್ಜಿಗಳ ಗಂಟೆಯೂ ತುಳುನಾಡಿನ ಕಿವಿಗೆ ಹಳೆಯ ಪರಿಚಯವೇ. ಇವೆಲ್ಲದರ ನಡುವೆ ಹತ್ತೊಂಬತ್ತನೆಯ ಶತಮಾನದಲ್ಲಿ ಮತ್ತೊಂದು ದನಿ ಬಂದು ಸೇರಿತು. ಅದು ಬಾಸೆಲ್ ಮಿಶನ್ನಿನ ಪ್ರಾಟೆಸ್ಟಂಟ್ ದೇವಾಲಯಗಳ ಗಂಟೆ.

ದೇವಸ್ಥಾನದ ಗಂಟೆಗೂ ಈ ಗಂಟೆಗೂ ಒಂದು ಭೇದವಿದೆ. ದೇವಸ್ಥಾನದಲ್ಲಿ ಭಕ್ತನು ತಾನೇ ಕೈಯೆತ್ತಿ ಗಂಟೆ ಬಾರಿಸಿ, ತಾನು ಬಂದೆನೆಂದು ದೇವರಿಗೆ ಅರಿಕೆ ಮಾಡಿಕೊಳ್ಳುತ್ತಾನೆ. ಗೋಪುರದ ಗಂಟೆ ಜನರನ್ನು ಕುರಿತು ನುಡಿಯುತ್ತದೆ. ಹೊಲದ ಆಚೆಗಿರುವವನಿಗೂ ಹೊತ್ತಾಯಿತೆಂದು ತಿಳಿಸುವುದು ಅದರ ಕೆಲಸ. ಮನೆಮನೆಗೆ ಗಡಿಯಾರವಿಲ್ಲದ ಕಾಲದಲ್ಲಿ ಭಾನುವಾರದ ಆರಾಧನೆ, ಮದುವೆ, ಮರಣ ಎಲ್ಲವೂ ಊರಿಗೆ ತಿಳಿಯುತ್ತಿದ್ದುದು ಈ ದನಿಯಿಂದಲೇ.

ಬಾಸೆಲ್ ಮಿಶನ್ ಸ್ಥಾಪನೆಯಾದುದು 1815ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ಬ್ರಿಟಿಷರಲ್ಲದ ಮಿಶನರಿಗಳಿಗೂ 1833ರ ಶಾಸನದಿಂದ ಭಾರತದ ಬಾಗಿಲು ತೆರೆಯಿತು. ಮರುವರ್ಷವೇ, 1834ರ ಅಕ್ಟೋಬರ್ ತಿಂಗಳಲ್ಲಿ, ಸ್ಯಾಮುವೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಗ್ರೈನರ್ ಮತ್ತು ಅಮ್ಮನ್ ತುಳು ಕಲಿತು ಬೈಬಲಿನ ಹೊಸ ಒಡಂಬಡಿಕೆಯನ್ನು ಆ ಭಾಷೆಗೆ ತಿರುಗಿಸಿದರು. ಮತ್ತಾಯನ ಸುವಾರ್ತೆ 1842ರಲ್ಲಿ ಕನ್ನಡ ಲಿಪಿಯ ತುಳುವಿನಲ್ಲಿ ಅಚ್ಚಾಯಿತು. ಮರುವರ್ಷ ಹರ್ಮನ್ ಮೊಗ್ಲಿಂಗರ ‘ಮಂಗಳೂರ ಸಮಾಚಾರ’ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿತು. ಮಂಗಳೂರಿನಿಂದ ಮೂಲ್ಕಿ, ಉಡುಪಿ, ಕಾರ್ಕಳದ ಕಡೆಗೆ ಕೆಲಸ ಹಬ್ಬಿತು. ಹಳ್ಳಿಗಳಲ್ಲಿ ಚಿಕ್ಕಚಿಕ್ಕ ಸಭೆಗಳು ಹುಟ್ಟಿದವು.

ಆ ಸಭೆಗಳಿಗೆ ಸೇರಿದವರ ಬದುಕು ಸುಲಭವಾಗಿರಲಿಲ್ಲ. ಅವರಲ್ಲಿ ಬಹುಮಂದಿ ಬಿಲ್ಲವರು. ಗೇಣಿಗೆ ಭೂಮಿ ಮಾಡಿ, ತಾಳೆ ತೆಂಗುಗಳ ಮೂರ್ತೆ ನಡೆಸಿ ಬಾಳುತ್ತಿದ್ದವರು. ಮತಾಂತರಗೊಂಡವನನ್ನು ಜಾತಿ ಹೊರಗಿಡುತ್ತಿತ್ತು. ಕುಟುಂಬದ ಆಸ್ತಿಯ ಹಕ್ಕು ಕೈತಪ್ಪುತ್ತಿತ್ತು. ಚಾಲಗೇಣಿಯ ಒಕ್ಕಲಾಗಿದ್ದರೆ ಧಣಿಯು ಮನಸ್ಸು ಬಂದಾಗ ಎಬ್ಬಿಸಬಹುದಾಗಿತ್ತು. ಶೇಂದಿಯ ವೃತ್ತಿಗೆ ಮಿಶನ್ನೇ ಒಪ್ಪುತ್ತಿರಲಿಲ್ಲ. ಹೀಗೆ ಹಳೆಯ ಅನ್ನವೂ ಹೋಗಿ ಹೊಸ ಅನ್ನವೂ ಕಾಣದೆ ನಿಂತ ಕುಟುಂಬಗಳಿಗೆ ದುಡಿಮೆ ಒದಗಿಸಬೇಕಾದ ಹೊಣೆ ಮಿಶನ್ನಿನ ಮೇಲೆ ಬಿತ್ತು. 1851ರಲ್ಲಿ ಮಂಗಳೂರಿನ ನೇಯ್ಗೆಗೆ ಹಾಲರ್ ಎಂಬ ನುರಿತ ನೇಕಾರ ಬಂದನು. 1865ರಲ್ಲಿ ಪ್ಲೆಬ್ಸ್ಟನ ಮುಂದಾಳುತನದಲ್ಲಿ ಜೆಪ್ಪಿನಲ್ಲಿ ಹೆಂಚಿನ ಕಾರ್ಖಾನೆ ಆರಂಭವಾಯಿತು. ಇಂದು ‘ಮಂಗಳೂರು ಹೆಂಚು’ ಎಂದು ಲೋಕವೇ ಕರೆಯುವ ಆ ಕೆಂಪು ಹೆಂಚಿನ ಹಿಂದೆ ಮನೆ ಮಠ ಕಳೆದುಕೊಂಡವರ ಬೆವರಿದೆ.

ಇಂಥವರಿಗೆ ಗೋಪುರದ ಗಂಟೆ ಬರಿಯ ಸಮಯದ ಸೂಚನೆಯಾಗಿರಲಿಲ್ಲ. ಊರ ಕೂಟಗಳಿಗೆ ಕರೆಯದವರನ್ನು ಅದು ಕರೆಯುತ್ತಿತ್ತು. ಹೆಣ ಹೊರಲು ಹೆಗಲು ಕೊಡುವವರು ಇನ್ನೂ ಇದ್ದಾರೆಂಬ ಭರವಸೆ ಅದರಲ್ಲಿತ್ತು.

ದೊಡ್ಡ ಗಂಟೆ ಎಂದರೆ ಸಾಮಾನ್ಯವಾಗಿ ಕಂಚಿನದು: ಐದರಲ್ಲಿ ನಾಲ್ಕು ಪಾಲು ತಾಮ್ರ, ಒಂದು ಪಾಲು ತವರ. ಇದು ಇಂಪಾದ ಲೋಹ, ಆದರೆ ದುಬಾರಿ. ಬಡ ಸಭೆಗಳ ಪಾಲಿಗೆ ಉಕ್ಕಿನ ಗಂಟೆ ಒಂದು ವರವಾಗಿ ಬಂದಿತು. ಜರ್ಮನಿಯ ಬೋಖುಮ್ ನಗರದಲ್ಲಿ ಯಾಕೋಬ್ ಮಾಯರ್ ಎಂಬವನು ಕರಗಿದ ಉಕ್ಕನ್ನು ಅಚ್ಚಿಗೆರೆದು ಗಂಟೆ ಮಾಡುವ ವಿದ್ಯೆಯನ್ನು ಸಾಧಿಸಿದನು. 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಅವನು ಗಂಟೆಗಳನ್ನು ತೂಗಿಸಿದಾಗ ಪ್ರತಿಸ್ಪರ್ಧಿಯಾದ ಕ್ರುಪ್, ಇದು ಉಕ್ಕಲ್ಲ, ಎರಕದ ಕಬ್ಬಿಣವೆಂದು ಆಕ್ಷೇಪಿಸಿದನು. ಎರಕದ ಕಬ್ಬಿಣ ಬಡಿದರೆ ಒಡೆಯುತ್ತದೆ, ಉಕ್ಕು ಬಾಗುತ್ತದೆ. ಒಂದು ಗಂಟೆಯನ್ನೇ ಒಡೆಸಿ, ಆ ಚೂರುಗಳನ್ನು ಕುಲುಮೆಯಲ್ಲಿ ಕಾಯಿಸಿ ಬಡಿದು ತೋರಿಸಿದ ಮೇಲೆ ವಾದ ಮುಗಿಯಿತು. ಅಂದಿನಿಂದ ಬೋಖುಮಿನ ಗಂಟೆಗಳು ಹಡಗೇರಿ ಆಫ್ರಿಕ, ಏಷ್ಯಗಳ ಮಿಶನ್ ದೇವಾಲಯಗಳಿಗೆ ಹೊರಟವು.

ಹಳೆಯ ಗೋಪುರವನ್ನು ಏರುವವರು ಗಂಟೆಯ ಜಾತಿಯನ್ನು ತಾವೇ ಗುರುತಿಸಬಹುದು. ಕಂಚು ಹಸಿರು ಕಿಲುಬು ಹಿಡಿಯುತ್ತದೆ. ಉಕ್ಕು ಕೆಂಪು ತುಕ್ಕು ಹಿಡಿಯುತ್ತದೆ. ಒಂದೇ ಸ್ವರಕ್ಕೆ ಉಕ್ಕಿನ ಗಂಟೆ ಕಂಚಿನದಕ್ಕಿಂತ ಗಾತ್ರದಲ್ಲಿ ದೊಡ್ಡದಾಗಿರಬೇಕು. ಅದರ ದನಿಯೂ ಬೇಗನೆ ಅಡಗುತ್ತದೆ. ಮೈಮೇಲೆ ಉಬ್ಬಿದ ಅಕ್ಷರಗಳಿದ್ದರೆ ಎರಕ ಹೊಯ್ದವರ ಹೆಸರು, ವರ್ಷಗಳು ಅಲ್ಲಿಯೇ ದೊರೆಯುತ್ತವೆ.

1914ರಲ್ಲಿ ಮಹಾಯುದ್ಧ ಆರಂಭವಾದಾಗ ಈ ನಾದಕ್ಕೂ ಗ್ರಹಣ ಹಿಡಿಯಿತು. ಮಿಶನ್ನಿನ ಕೇಂದ್ರ ಸ್ವಿಟ್ಜರ್ಲೆಂಡಿನಲ್ಲಿದ್ದರೂ ಮಿಶನರಿಗಳಲ್ಲಿ ಬಹುಮಂದಿ ಜರ್ಮನರು. ಬ್ರಿಟಿಷ್ ಸರಕಾರ ಅನೇಕರನ್ನು ಅಹಮದ್‌ನಗರದ ಶಿಬಿರದಲ್ಲಿ ಬಂಧಿಸಿಟ್ಟಿತು. ಮುಂದೆ ‘ಗೋಲ್ಕೊಂಡ’ ಎಂಬ ಹಡಗಿನಲ್ಲಿ ಸ್ವದೇಶಕ್ಕೆ ಸಾಗಿಸಿತು. ಹೆಂಚಿನ ಮತ್ತು ನೇಯ್ಗೆಯ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಬಿಳಿಯ ಪಾದ್ರಿ ಹೊರಟುಹೋದ ಮೇಲೆ ಊರಿನ ಸಭಾಪಾಲಕರು, ಉಪದೇಶಿಗಳು, ಹಿರಿಯರು ಸಭೆಯ ಭಾರ ಹೊತ್ತರು. ಗಂಟೆಯ ಹಗ್ಗ ಅವರ ಕೈಗೆ ಬಂದಿತು.

ವಿಧಿಯ ವಿಡಂಬನೆಯೆಂದರೆ, ಅದೇ ಯುದ್ಧದಲ್ಲಿ, 1917ರಲ್ಲಿ, ಜರ್ಮನಿಯ ಸರಕಾರ ತನ್ನದೇ ದೇವಾಲಯಗಳ ಕಂಚಿನ ಗಂಟೆಗಳನ್ನು ಇಳಿಸಿ ಮದ್ದುಗುಂಡುಗಳಿಗಾಗಿ ಕರಗಿಸಿತು. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನಲ್ಲಿ ನಾಶವಾದ ಗಂಟೆಗಳು ಸುಮಾರು ಒಂದೂವರೆ ಲಕ್ಷವೆಂದು ಲೆಕ್ಕ. ಬಡವರ ಗಂಟೆಯೆನಿಸಿದ ಉಕ್ಕಿನ ಗಂಟೆ ಮಾತ್ರ ತಾಮ್ರ ತವರಗಳಿಲ್ಲದ ಕಾರಣದಿಂದಲೇ ಉಳಿದುಕೊಂಡಿತು. ದೂರದೇಶಕ್ಕೆ ಕಳುಹಿಸಿದ ಗಂಟೆಗಳಿಗೂ ಆ ಕುಲುಮೆಯ ಕೈ ಎಟುಕಲಿಲ್ಲ. ಫಿರಂಗಿಯನ್ನೂ ತಯಾರಿಸುತ್ತಿದ್ದ ಬೋಖುಮಿನ ಕಾರ್ಖಾನೆಯೇ ಮುಂದೆ ಹಿರೋಶಿಮಾದ ಶಾಂತಿ ಸ್ಮಾರಕ ದೇವಾಲಯಕ್ಕೆ ನಾಲ್ಕು ಗಂಟೆಗಳನ್ನು ಕಾಣಿಕೆಯಾಗಿ ಕೊಟ್ಟಿತು. ಆ ದೇವಾಲಯ 1954ರಲ್ಲಿ ಪ್ರತಿಷ್ಠೆಗೊಂಡಿತು.

1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಉದಯವಾಯಿತು. ತುಳುನಾಡಿನ ಬಾಸೆಲ್ ಮಿಶನ್ ಸಭೆಗಳೂ ಕಾಲಕ್ರಮದಲ್ಲಿ ಅದರೊಳಗೆ ಸೇರಿದವು. ಮಿಶನ್ ಎಂಬ ಹೆಸರು ಹಿಂದಕ್ಕೆ ಸರಿದರೂ ಹಳ್ಳಿಯ ದೇವಾಲಯಗಳು ಊರಿನವರದಾಗಿ ನಿಂತವು.

ಇಂದು ಹೊತ್ತು ತಿಳಿಯಲು ಗಂಟೆ ಬೇಕಾಗಿಲ್ಲ. ಕಿಸೆಯ ಫೋನೇ ಸಾಕು. ಆದರೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಸುರಿಯುವ ನಾಡಿನಲ್ಲಿ ಗಂಟೆಯನ್ನು ಕಾಪಾಡುವುದು ಸುಲಭವಲ್ಲ. ತೊಲೆಗೆ ಗೆದ್ದಲು, ಉಕ್ಕಿಗೆ ತುಕ್ಕು, ಹಗ್ಗಕ್ಕೆ ತೇವ. ಬೋಖುಮಿನಲ್ಲಿ ಗಂಟೆಯ ಎರಕ ನಿಂತು ದಶಕಗಳೇ ಕಳೆದಿವೆ. ಅಲ್ಲಿಯ ಗಂಟೆಯೊಂದು ಬಿರಿದರೆ ಅದೇ ಮನೆಯಿಂದ ಇನ್ನೊಂದು ಬಾರದು. ವರ್ಷಕ್ಕೊಮ್ಮೆ ಬಣ್ಣ ಬಳಿದು, ಕೀಲಿಗೆ ಎಣ್ಣೆ ಹಾಕಿ, ಮೈಮೇಲಿನ ಅಕ್ಷರಗಳನ್ನು ಬರೆದಿಟ್ಟುಕೊಳ್ಳುವುದು ಪ್ರತಿ ಸಭೆಗೂ ಸಾಧ್ಯವಾದ ಕೆಲಸ. ಗಂಟೆ ಕಳುಹಿಸಿದವರೂ ಅದನ್ನು ಮೊದಲು ಕೇಳಿದವರೂ ಇಂದಿಲ್ಲ. ಮನೆ ಮಠ ಕಳೆದುಕೊಂಡವರನ್ನು ಒಮ್ಮೆ ಒಂದೆಡೆ ಸೇರಿಸಿದ ಆ ದನಿ ಮಾತ್ರ ಅವರ ಮೊಮ್ಮಕ್ಕಳ ಕೈಯ ಹಗ್ಗದ ತುದಿಯಲ್ಲಿದೆ.