ಅವರೆ, ಹುಣಸೆ, ಜಾಲಿ: ಒಂದೇ ಕುಟುಂಬ, ಬೇರೆ ಬೇರೆ ಬೀಜ



ಕೋಲಾರದ ಸಂತೆಯ ಅವರೆಕಾಯಿ, ಶ್ರೀನಿವಾಸಪುರದ ದಾರಿ ಬದಿಯ ಹುಣಸೆ, ಮುಳಬಾಗಿಲಿನ ಕೆರೆಯಂಗಳದ ಕರಿಜಾಲಿ ಮೂರೂ ಫ್ಯಾಬೇಸಿ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ಮೂರರಲ್ಲೂ ಕಾಯಿಯೊಳಗೆ ಬೀಜಗಳು ಸಾಲಾಗಿ ಕೂತಿರುತ್ತವೆ. ಹೂವು ಮಾತ್ರ ಬೇರೆ ಬೇರೆ. ಅವರೆಯ ಹೂವು ರೆಕ್ಕೆ ಬಿಚ್ಚಿದ ಚಿಟ್ಟೆಯಂತೆ. ಜಾಲಿಯದು ಕೇಸರಗಳೇ ತುಂಬಿದ ಹಳದಿ ಉಂಡೆ. ಹುಣಸೆಯದು ಕೆಂಪು ಗೆರೆಗಳಿರುವ ಮೂರು ದಳದ ಹೂವು. ಹಿಂದೆ ಈ ಕುಟುಂಬವನ್ನು ಮೂರು ಉಪಕುಟುಂಬಗಳಾಗಿ ವಿಂಗಡಿಸುತ್ತಿದ್ದರು. 2017ರಲ್ಲಿ ವಿಜ್ಞಾನಿಗಳು ವಂಶವಾಹಿಗಳ ಆಧಾರದ ಮೇಲೆ ಅದನ್ನು ಆರಾಗಿ ಮಾಡಿದರು.

ಈ ಕುಟುಂಬದ ಗಿಡಗಳೆಲ್ಲ ನೆಲಕ್ಕೆ ಸಾರಜನಕ ಕೊಡುತ್ತವೆ ಎಂದು ಅನೇಕರು ತಿಳಿದಿದ್ದಾರೆ. ಇದು ಪೂರ್ತಿ ನಿಜವಲ್ಲ. ಅವರೆ ಮತ್ತು ಜಾಲಿಯ ಬೇರುಗಳಲ್ಲಿ ರೈಜೋಬಿಯಂ ಜಾತಿಯ ಬ್ಯಾಕ್ಟೀರಿಯಾಗಳು ಗಂಟು ಕಟ್ಟುತ್ತವೆ. ಹುಣಸೆಯ ಬೇರಿನಲ್ಲಿ ಗಂಟು ಇರುವುದಿಲ್ಲ. ನಮ್ಮ ಹಿರಿಯರು ಮಾಲೂರಿನ ಕೆಂಪು ಮಣ್ಣಿನಲ್ಲಿ ರಾಗಿಯ ನಡುವೆ ಅವರೆ, ತೊಗರಿಗಳನ್ನು ಅಕ್ಕಡಿ ಸಾಲಾಗಿ ಬಿತ್ತುತ್ತಿದ್ದುದು ಸುಮ್ಮನೆ ಅಲ್ಲ. ಮಳೆ ಕೈಕೊಟ್ಟು ರಾಗಿ ಸೊರಗಿದರೂ ಕಾಳು ಉಳಿಯುತ್ತಿತ್ತು. ಉದುರಿದ ಎಲೆ, ಕೊಳೆತ ಬೇರಿನಿಂದ ಮುಂದಿನ ಬೆಳೆಗೂ ಸಾರ ಸಿಗುತ್ತಿತ್ತು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆಯಲ್ಲಿ ಅದು ಸಣ್ಣ ಲಾಭವೇನಲ್ಲ. ನೀಲಗಿರಿ ನೆಟ್ಟ ಹೊಲಗಳಲ್ಲಿ ಆ ಸಾಲುಗಳೇ ಇಲ್ಲವಾದವು.

ಈಗ ಬೀಜದಿಂದ ಬೆಳೆಸಿ ನೋಡೋಣ. ಅವರೆ, ತೊಗರಿ ಕಾಳುಗಳನ್ನು ಒಂದು ರಾತ್ರಿ ನೆನೆಸಿ, ಎರಡು ಬೆರಳಿನಷ್ಟು ಆಳದಲ್ಲಿ ಊರಿ. ಅವರೆ ತನ್ನ ಎರಡು ಬೇಳೆಗಳನ್ನು ತಲೆಯ ಮೇಲೆ ಹೊತ್ತುಕೊಂಡೇ ಮೇಲೆ ಬರುತ್ತದೆ. ತೊಗರಿ ಬೇಳೆಗಳನ್ನು ಮಣ್ಣಿನಲ್ಲೇ ಬಿಟ್ಟು ಚಿಗುರನ್ನಷ್ಟೇ ಕಳಿಸುತ್ತದೆ. ಕೋಳಿ ಕುಕ್ಕಿ ಅವರೆ ಸಸಿ ಬೇಳೆಯ ಕೆಳಗೆ ಮುರಿದರೆ ಅದರ ಕಥೆ ಮುಗಿಯಿತು. ತೊಗರಿಗೆ ಮಣ್ಣಿನೊಳಗಿನ ಮೊಗ್ಗಿನಿಂದ ಮತ್ತೆ ಚಿಗುರುವ ಅವಕಾಶವಿದೆ.

ಜಾಲಿ, ಹುಣಸೆ ಬೀಜಗಳ ಸಿಪ್ಪೆ ಗಟ್ಟಿ; ನೀರು ಬೇಗ ಒಳಗೆ ಇಳಿಯುವುದಿಲ್ಲ. ಮೇಕೆ ತಿಂದು ಹಾಕಿದ ಜಾಲಿ ಬೀಜ ಚೆನ್ನಾಗಿ ಮೊಳೆಯುವುದು ಹೊಟ್ಟೆಯಲ್ಲಿ ಆ ಸಿಪ್ಪೆ ಸಡಿಲವಾಗುವುದರಿಂದ. ಮೇಕೆಯ ಕೆಲಸವನ್ನು ನೀವೂ ಮಾಡಬಹುದು: ಬೀಜದ ಒಂದು ಬದಿಯನ್ನು ಒರಟು ಕಲ್ಲಿಗೆ ಉಜ್ಜಿ, ರಾತ್ರಿಯಿಡೀ ನೆನೆಸಿ. ಉಜ್ಜಿದ ಹತ್ತು, ಉಜ್ಜದ ಹತ್ತು ಬೀಜಗಳನ್ನು ಬೇರೆ ಬೇರೆ ಊರಿ, ಮೊಳೆತವನ್ನು ದಿನವೂ ಎಣಿಸಿ ಬರೆದಿಡಿ.

ಅವರೆಗೆ ಕಾಲದ ಹಟವೂ ಇದೆ. ನಾಟಿ ಅವರೆ ಹಗಲು ಚಿಕ್ಕದಾದ ಮೇಲೆಯೇ ಹೂ ಬಿಡುತ್ತದೆ; ಸೊಗಡಿನ ಕಾಯಿ ಚಳಿಗಾಲಕ್ಕೇ ಬರುವುದು ಅದಕ್ಕಾಗಿ. ಬೇಸಿಗೆಯಲ್ಲಿ ಬಿತ್ತಿದರೆ ಬಳ್ಳಿ ಹಬ್ಬೀತು, ಕಾಯಿ ಬೇಗ ಸಿಗದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ 3 ಮತ್ತು 4 ತಳಿಗಳು ಹಗಲಿನ ಉದ್ದಕ್ಕೆ ಕಾಯುವುದಿಲ್ಲ. ಆದ್ದರಿಂದ ಪ್ರಯೋಗಕ್ಕೆ ಕಾಳು ತರುವಾಗ ನಾಟಿಯೋ ಹೆಬ್ಬಾಳವೋ ಎಂದು ಕೇಳಿ ತನ್ನಿ.

ಹೂ ಬರುವ ಹೊತ್ತಿಗೆ ಒಂದು ಅವರೆ ಗಿಡವನ್ನು ಕೀಳದೆ, ಸುತ್ತಲಿನ ಮಣ್ಣಿನೊಂದಿಗೆ ಅಗೆದು ತೆಗೆಯಿರಿ. ಎಳೆದರೆ ಗಂಟುಗಳು ಮಣ್ಣಿನಲ್ಲೇ ಉಳಿದುಬಿಡುತ್ತವೆ. ನೀರಿನಲ್ಲಿ ತೊಳೆದು ಒಂದು ಗಂಟನ್ನು ಉಗುರಿನಿಂದ ಸೀಳಿ. ಒಳಗೆ ನಸುಗೆಂಪು ಇದ್ದರೆ ಸಾರಜನಕದ ಕೆಲಸ ನಡೆಯುತ್ತಿದೆ. ಹಸಿರು ಅಥವಾ ಕಂದು ಬಣ್ಣವಿದ್ದರೆ ನಿಂತಿದೆ.